ಊರು ಆಮೇಲೆ, ಮೊದಲು ಗುರು

ವಿರಾಜಪೇಟೆಯ ತಂಗಿಗೆ,

ಪಿಯಾನೋ ಗ್ರೇಡ್ 8 ಮುಗಿದಿದೆ, ಜರ್ಮನಿಗೆ ಬಂದು ಕಛೇರಿ ಕಲಾವಿದೆ ಆಗಬೇಕು, ಬರ್ಲಿನ್ ಮೇಲೋ ಮ್ಯೂನಿಕ್ ಮೇಲೋ ಎಂದು ಕೇಳಿದ್ದೀರಿ. ಊರಿನ ಮಾತು ಆಮೇಲೆ. ಮೊದಲು ಗುರು ಯಾರೆಂದು ನೋಡಿ.

ಇಲ್ಲೂ ನಮ್ಮಲ್ಲಿಯಂತೆ ಶಿಷ್ಯಪರಂಪರೆ ಲೆಕ್ಕಕ್ಕೆ ಬರುತ್ತದೆ. ಪಿಯಾನೋ ವಾದಕ ಕ್ಲಾಡಿಯೋ ಅರಾವು 1903ರಲ್ಲಿ ಚಿಲಿಯಲ್ಲಿ ಹುಟ್ಟಿ, ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಎಳವೆಯಲ್ಲೇ ಬರ್ಲಿನ್‌ಗೆ ಬಂದವರು. ಅವರ ಗುರು ಮಾರ್ಟಿನ್ ಕ್ರೌಸೆ, ಕ್ರೌಸೆಗೆ ಲಿಸ್ಟ್, ಲಿಸ್ಟ್‌ಗೆ ಚೆರ್ನಿ, ಚೆರ್ನಿಗೆ ಸ್ವತಃ ಬೀಥೋವನ್. 1918ರಲ್ಲಿ ಕ್ರೌಸೆ ತೀರಿಕೊಂಡಾಗ ಅರಾವುಗೆ ಹದಿನೈದು. ಮತ್ತೊಬ್ಬ ಗುರುವನ್ನು ಹುಡುಕಲೇ ಇಲ್ಲ. ಇಪ್ಪತ್ತನೇ ವಯಸ್ಸಿನಲ್ಲಿ ಅಮೆರಿಕ ಪ್ರವಾಸ ನೆಲಕಚ್ಚಿತು, 1927ರಲ್ಲಿ ಜಿನೀವಾ ಸ್ಪರ್ಧೆ ಗೆದ್ದ ಮೇಲೆ ದಾರಿ ತೆರೆಯಿತು. ಮೂವತ್ತರ ದಶಕದಲ್ಲಿ ಬರ್ಲಿನ್‌ನಲ್ಲಿ ಬಾಖ್‌ನ ಕೀಬೋರ್ಡ್ ಕೃತಿಗಳನ್ನೆಲ್ಲ 12 ಕಛೇರಿಗಳಲ್ಲಿ ನುಡಿಸಿದರು. ತಮಾಷೆ ಅಂದರೆ, ಅಷ್ಟಾದ ಮೇಲೆ ಬಾಖ್ ಪಿಯಾನೋಗೆ ಒಗ್ಗುವುದಿಲ್ಲ ಅಂತ ಅವರಿಗೇ ಅನ್ನಿಸಿಬಿಟ್ಟಿತು.

ಗುರು ಅಷ್ಟು ಮುಖ್ಯ. ಹಾಗಾಗಿ ನಿಮಗೆ ಹಿಡಿಸಿದ ಪ್ರೊಫೆಸರ್‌ಗೆ, ಸಂಗೀತ ಕಾಲೇಜಿನ ಪ್ರವೇಶ ಪರೀಕ್ಷೆಗೆ ಆರು ತಿಂಗಳು ಮುಂಚೆಯೇ ಎರಡು ವಿಡಿಯೋ ಕಳಿಸಿ, ಒಂದು ಪರಿಚಯ ಪಾಠ ಕೇಳಿ. ಪರೀಕ್ಷೆಗೆ ಸಾಮಾನ್ಯವಾಗಿ ಬಾಖ್‌ನ ಒಂದು ಪ್ರೆಲ್ಯೂಡ್ ಮತ್ತು ಫ್ಯೂಗ್ (ಒಂದೇ ಸ್ವರಸಾಲು ಹಲವು ಧ್ವನಿಗಳಲ್ಲಿ ಒಂದರ ಹಿಂದೊಂದು ಬರುವ ರಚನೆ), ಒಂದು ಕ್ಲಾಸಿಕಲ್ ಸೊನಾಟಾ, ಒಂದು ರೊಮ್ಯಾಂಟಿಕ್ ಕೃತಿ, ಇಪ್ಪತ್ತನೇ ಶತಮಾನದ್ದೊಂದು, ಹಲವು ಕಡೆ ಒಂದು ಎಟ್ಯೂಡ್ (ಬೆರಳಿನ ಕೌಶಲಕ್ಕೆ ಬರೆದ ಕೃತಿ), ಬಹುಪಾಲು ಬಾಯಿಪಾಠ. ನಡುವೆ ‘ಸಾಕು’ ಅಂದರೆ ಫೇಲ್ ಅಂತಲ್ಲ, ಕೇಳಬೇಕಾದ್ದು ಕೇಳಿಯಾಯಿತು ಅಂತ. ಎಡವುವುದು ಹೆಚ್ಚಾಗಿ ಫ್ಯೂಗ್‌ನಲ್ಲಿ. ಕೈ ರೂಢಿಯಿಂದ ಓಡುತ್ತಿರುತ್ತದೆ, ಒಂದು ಸ್ವರ ತಪ್ಪಿತೋ, ಮತ್ತೆ ಹಿಡಿಯುವ ಜಾಗವೇ ಗೊತ್ತಿರುವುದಿಲ್ಲ. ಒಂದೊಂದು ಧ್ವನಿಯನ್ನೂ ಬಿಡಿಯಾಗಿ ನುಡಿಸಿ. ಆರೇಳು ಕಡೆಗಳಿಂದ ಶುರುಮಾಡಲು ಬರಬೇಕು.

ಇನ್ನೊಂದು, ಗೋಡೆಗೊರಗಿಸುವ ಅಪ್‌ರೈಟ್ ಪಿಯಾನೋದಲ್ಲಿ ಎಡ ಪೆಡಲ್ ಒತ್ತಿದರೆ ಸುತ್ತಿಗೆಗಳು ತಂತಿಯ ಹತ್ತಿರ ಬರುತ್ತವೆ, ಅಷ್ಟೇ. ತಂತಿಗಳು ಅಡ್ಡಲಾಗಿರುವ ಗ್ರ್ಯಾಂಡ್ ಪಿಯಾನೋದಲ್ಲಿ ಇಡೀ ಕೀಲಿಮಣೆಯೇ ಬೆರಳಿನಡಿ ಬಲಕ್ಕೆ ಸ್ವಲ್ಪ ಜರುಗುತ್ತದೆ. ಮೊದಲ ಸಲ ಪರೀಕ್ಷೆಯಲ್ಲೇ ಇದಾದರೆ ಬೆಚ್ಚಿಬೀಳುತ್ತೀರಿ. ಬೆಂಗಳೂರಿಗೆ ಹೋದಾಗಲಾದರೂ ಗ್ರ್ಯಾಂಡ್ ಮುಂದೆ ಕೂತು ನುಡಿಸಿ ಬನ್ನಿ.

ಖರ್ಚು: ಸರ್ಕಾರಿ ಸಂಗೀತ ಕಾಲೇಜುಗಳಲ್ಲಿ ಬಹುತೇಕ ಬೋಧನಾ ಶುಲ್ಕವಿಲ್ಲ. ಆದರೆ ಬಾಡೆನ್ ವ್ಯುರ್ಟೆಂಬರ್ಗ್ ರಾಜ್ಯ ಐರೋಪ್ಯ ಒಕ್ಕೂಟದ ಹೊರಗಿನವರಿಗೆ 2017ರಲ್ಲಿ ಸೆಮಿಸ್ಟರ್‌ಗೆ 1,500 ಯೂರೋ ಹಾಕಿತು. ವೀಸಾಕ್ಕೆ ತೋರಿಸಬೇಕಾದ ಠೇವಣಿ 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 11,904 ಯೂರೋ. ಜರ್ಮನ್ ಭಾಷೆಯಲ್ಲಿ ಬಿ1 ಅಥವಾ ಬಿ2, ಅಂದರೆ ಮಧ್ಯಮ ಮಟ್ಟ, ಕೇಳುತ್ತಾರೆ, ಈಗಲೇ ಶುರುಮಾಡಿ.

ಮನೆಯಲ್ಲಿ ಸಾಧನೆ ಮಾಡುವುದು ಕಷ್ಟ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಸದ್ದು ಕೂಡದು. ಟ್ರಂಪೆಟ್ ವಾದಕರೊಬ್ಬರ ಮೊಕದ್ದಮೆಯಲ್ಲಿ 2018ರಲ್ಲಿ ಇಲ್ಲಿನ ಫೆಡರಲ್ ನ್ಯಾಯಾಲಯ, ವಾರದ ದಿನ ಎರಡು ಮೂರು ಗಂಟೆ, ರಜಾದಿನ ಒಂದೆರಡು ಗಂಟೆ ಅಂತ ಅಂದಾಜು ಹೇಳಿತು. ಹೆಡ್‌ಫೋನ್ ಹಾಕಿ ಡಿಜಿಟಲ್ ಪಿಯಾನೋ ನುಡಿಸಿದರೂ ಕೀಲಿಯ ಬಡಿತ ಕೆಳಗಿನ ಮನೆಗೆ ಇಳಿಯುತ್ತದೆ, ದಪ್ಪ ರಬ್ಬರ್ ಹಾಸು ಬೇಕೇ ಬೇಕು. ಮನೆಗಿಂತ ಕಾಲೇಜಿನ ಕೋಣೆಯೇ ಮೇಲು.

ಪಿಯಾನೋ ಕೊಂಡರೆ, ಕಕ್ಕಡ ತಿಂಗಳ ಮಳೆಗೆ ಅಲ್ಲಿ ಕೊಡಗಿನಲ್ಲಿ ಮರ ಉಬ್ಬಿ ಕೀಲಿ ಅಂಟಿಕೊಳ್ಳುವುದರ ತದ್ವಿರುದ್ಧ ಇಲ್ಲಿ. ಚಳಿಗಾಲದ ಹೀಟರ್‌ಗೆ ಗಾಳಿ ಒಣಗಿ, ನಾದ ಹೊಮ್ಮಿಸುವ ಮರದ ಹಲಗೆಯಾದ ನಾದಫಲಕ ಬಿರುಕು ಬಿಡಬಹುದು. ಹೀಟರ್‌ನಿಂದ ದೂರವಿಟ್ಟು, ತೇವಾಂಶ 45ರಿಂದ 55 ಶೇಕಡಾ ಇರುವಂತೆ ನೋಡಿಕೊಳ್ಳಿ.