ಇಬ್ಬರೂ ಥಲಸ್ಸೇಮಿಯಾ ಮೈನರ್: ಭ್ರೂಣ ಪರೀಕ್ಷೆ ಮಾಡಿಸಬೇಕೇ?

ಸೋದರಮಾವನ ಮಗನನ್ನು ಮದುವೆಯಾಗಿದ್ದೀರಿ, ಇಬ್ಬರೂ ಥಲಸ್ಸೇಮಿಯಾ ಮೈನರ್ (ಈ ಆನುವಂಶಿಕ ರಕ್ತದ ಕಾಯಿಲೆಯ ಜೀನ್ ಒಂದಿದ್ದರೂ ತೀವ್ರ ಕಾಯಿಲೆ ಇಲ್ಲದವರು), ಐವಿಎಫ್‌ನಲ್ಲಿ ಭ್ರೂಣ ಪರೀಕ್ಷಿಸಿ ಆರಿಸಿಕೊಳ್ಳುವುದು ತಪ್ಪಲ್ಲವೇ ಎಂದು ಕೇಳಿದ್ದೀರಿ. ನಾವೂ ಇಬ್ಬರೂ ಮೈನರ್, ಈ ಪರೀಕ್ಷೆ ಮಾಡಿಸಿಕೊಂಡವರು. ನನ್ನ ಮಟ್ಟಿಗೆ ತಪ್ಪಲ್ಲ. ಹಾಗಂತ ಇದೊಂದೇ ದಾರಿಯೂ ಅಲ್ಲ.

ನಿಮ್ಮ ಪ್ರತಿ ಬಸಿರಿನಲ್ಲೂ ಮಗುವಿಗೆ ಮೇಜರ್, ಅಂದರೆ ತೀವ್ರ ರೂಪದ ಥಲಸ್ಸೇಮಿಯಾ, ಬರುವ ಸಾಧ್ಯತೆ 25%. ಬಂದರೆ ಕೆಲವು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು, ಮೈಯಲ್ಲಿ ಸೇರುವ ಕಬ್ಬಿಣ ಇಳಿಸಲು ಔಷಧ ಬೇರೆ. ಸಹಜವಾಗಿ ಬಸಿರಾಗಿ, 11-12ನೇ ವಾರದಲ್ಲಿ ಮಾಸಿನ ಚೂರು ತೆಗೆದು ನೋಡುವ ಸಿವಿಎಸ್ ಮಾಡಿಸಿದರೆ ಖರ್ಚು ಎಷ್ಟೋ ಕಡಿಮೆ. ಆದರೆ ಮೇಜರ್ ಅಂತ ಬಂದರೆ ಗರ್ಭಪಾತದ ಮಾತು ಬರುತ್ತದೆ. ಅದನ್ನು ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ. ಅದಕ್ಕೇ ಐವಿಎಫ್.

5-6ನೇ ದಿನದ ಭ್ರೂಣದಲ್ಲಿ, ಮುಂದೆ ಮಾಸು ಆಗುವ ಹೊರಪದರದಿಂದ ಕೆಲವೇ ಜೀವಕೋಶ ತೆಗೆದು ಲ್ಯಾಬಿಗೆ ಕಳಿಸುತ್ತಾರೆ, ಭ್ರೂಣವನ್ನು ಫ್ರೀಜ್ ಮಾಡಿಡುತ್ತಾರೆ. ಅದಕ್ಕೆ ಮೊದಲು ನಿಮ್ಮಿಬ್ಬರ ಮ್ಯುಟೇಶನ್ (ಜೀನಿನಲ್ಲಿರುವ ದೋಷ) ಯಾವುದೆಂದು ಖಚಿತವಾಗಿರಬೇಕು. ಮೈನರ್ ಅಂತ ತೋರಿಸುವ ಎಚ್‌ಬಿಎ2 ರಕ್ತಪರೀಕ್ಷೆಯ ವರದಿ ಸಾಲದು. ಹಾರ್ಮೋನ್ ಇಂಜೆಕ್ಷನ್ ಎಲ್ಲ ಮುಗಿದ ಮೇಲೂ ಭ್ರೂಣ ಸಿಗದಿರಬಹುದು, ಸಿಕ್ಕಿದ್ದೆಲ್ಲ ಮೇಜರ್ ಆಗಿರಬಹುದು, ಒಳ್ಳೆಯದನ್ನು ಹಾಕಿದರೂ ನಿಲ್ಲದಿರಬಹುದು. ಅಪರೂಪಕ್ಕೆ ವರದಿಯೂ ತಪ್ಪುತ್ತದೆ. ಹಾಗಾಗಿ ಬಸಿರು ನಿಂತ ಮೇಲೆ ಸಿವಿಎಸ್ ಅಥವಾ ಆಮ್ನಿಯೋ (ಗರ್ಭದ ನೀರಿನ ಪರೀಕ್ಷೆ) ಮಾಡಿಸಿ ಅನ್ನುತ್ತಾರೆ. ಗೊಣಗಿಕೊಂಡೇ ಮಾಡಿಸಿದೆ.

"ಹೇಗೂ ಬಯಾಪ್ಸಿ (ಜೀವಕೋಶ ತೆಗೆಯೋದು) ಮಾಡ್ತೀವಿ, ಪಿಜಿಟಿ-ಎ ಕೂಡ ಸೇರಿಸೋಣ" ಎಂದು ಆಸ್ಪತ್ರೆಯವರು ಹೇಳಿದರೆ ಯಾಕೆ ಅಂತ ಕೇಳಿ. ಅದು ಕ್ರೋಮೋಸೋಮ್ ಎಣಿಸುವ ಬೇರೆಯೇ ಪರೀಕ್ಷೆ. ಚಿಕ್ಕ ವಯಸ್ಸಿನವರಿಗೆ ಅದರಿಂದ ಹೆಚ್ಚು ಲಾಭವೆಂದು ಸಾಬೀತಾಗಿಲ್ಲ.

ಸರಿ-ತಪ್ಪಿನ ವಿಚಾರ. ನಮ್ಮ ಅತ್ತೆ ಕೇಳಿದ ಮೊದಲ ಪ್ರಶ್ನೆ, "ಗಂಡೋ ಹೆಣ್ಣೋ ಗೊತ್ತಾಗತ್ತಲ್ವಾ?" ಹೇಳುವಂತಿಲ್ಲ, ಅದು ಅಪರಾಧ. 2021ರ ಎಆರ್‌ಟಿ (ಐವಿಎಫ್‌ನಂಥ ಚಿಕಿತ್ಸೆಗಳ) ಕಾಯ್ದೆ ಗೊತ್ತಿರುವ ಆನುವಂಶಿಕ ಕಾಯಿಲೆಗಷ್ಟೇ ಈ ಪರೀಕ್ಷೆಗೆ ಅನುಮತಿ ಕೊಡುತ್ತದೆ. ಅಮೆರಿಕದಲ್ಲಿ ಕೆಲವು ಕಂಪನಿಗಳು ಮುಂದೆ ಸಕ್ಕರೆ ಕಾಯಿಲೆ ಬರಬಹುದೇ ಅಂತ ಭ್ರೂಣಕ್ಕೆ ಅಂಕ ಕೊಡುತ್ತಿವೆ. ಅದು ನನಗೆ ಒಪ್ಪಿಗೆಯಿಲ್ಲ. ಒಂದೇ ಜೀನಿನ ಥಲಸ್ಸೇಮಿಯಾದಷ್ಟು ಖಚಿತವಾಗಿ ಅದನ್ನೆಲ್ಲ ಹೇಳಲಾಗದು.

ಇನ್ನೊಂದು ಮಾತು. ಮೈನರ್ ಭ್ರೂಣವನ್ನೂ ಬೇಡ ಅನ್ನುವವರಿದ್ದಾರೆ. ನೀವು ಹಾಗೆ ಮಾಡಬೇಡಿ. ಅದು ಬೇಡವಾದರೆ ನಾನೂ ನೀವೂ ಹುಟ್ಟುತ್ತಲೇ ಇರಲಿಲ್ಲ.