ಭಾನುವಾರ ಡ್ಯೂಟಿ ಬಿದ್ದರೆ

ತಂಗಿ, ಜರ್ಮನಿಯ ಸ್ಟುಟ್‌ಗಾರ್ಟಿಗೆ ಬಂದು ಮೂರು ತಿಂಗಳಲ್ಲಿ ಆರಾಧನೆಗೆ ಹೋಗಿದ್ದು ಎರಡೇ ಸಲ, ಬಿ.ಎಸ್ಸಿ. ನರ್ಸಿಂಗ್ ಓದಿ ಇಲ್ಲಿ ಮುದುಕರ ಮೈ ಒರೆಸುತ್ತಿದ್ದೇನೆ, ನನ್ನ ವಿಶ್ವಾಸ ತಣ್ಣಗಾಗುತ್ತಿದೆಯಾ ಅಕ್ಕ ಅಂತ ಕೇಳಿದ್ದೀಯ. ಹನ್ನೊಂದು ವರ್ಷದ ಹಿಂದೆ ನಾನೂ ಅಮ್ಮನಿಗೆ ಫೋನಿನಲ್ಲಿ ಇದನ್ನೇ ಹೇಳಿ ಅತ್ತಿದ್ದೆ.

ಮೊದಲು ಮೈ ಒರೆಸುವ ವಿಷಯ. ಊರಿನಲ್ಲಾದರೆ ರೋಗಿಯ ಊಟ, ಸ್ನಾನ, ಬೆಡ್‌ಪ್ಯಾನ್ ಎಲ್ಲ ಮನೆಯವರು ಇಲ್ಲವೇ ಆಯಾ ನೋಡಿಕೊಳ್ಳುತ್ತಾರೆ. ಇಲ್ಲಿ ಬೈಸ್ಟ್ಯಾಂಡರ್ ಪದ್ಧತಿ ಇಲ್ಲ, ಅದೂ ನರ್ಸಿನದೇ ಕೆಲಸ. ನಿನ್ನನ್ನು ಕೀಳಾಗಿ ಕಂಡು ಕೊಟ್ಟದ್ದಲ್ಲ.

ನನ್ನದೊಂದು ತಪ್ಪು ಹೇಳುತ್ತೇನೆ. ಮೊದಲ ವರ್ಷ, ನೈಟ್ ಡ್ಯೂಟಿ. ಒಬ್ಬ ಅಜ್ಜಿ ಹತ್ತು ನಿಮಿಷಕ್ಕೊಮ್ಮೆ ಬೆಲ್ ಒತ್ತುತ್ತಿದ್ದರು. ಹೋದರೆ ಏನೂ ಬೇಡ, ಗಂಟೆ ಎಷ್ಟು ಅಂತ ಕೇಳುವುದು ಅಷ್ಟೇ. ಏಳನೆಯ ಸಲ ನಾನು ಮುಖ ಗಂಟು ಹಾಕಿಕೊಂಡು, ಒಂದು ವ್ಯಾಕರಣ ತಪ್ಪೂ ಇಲ್ಲದ ಜರ್ಮನ್‌ನಲ್ಲಿ ಉತ್ತರ ಕೊಟ್ಟೆ. "ಕ್ಷಮಿಸಿ ಸಿಸ್ಟರ್" ಅಂದರು. ಆಮೇಲೆ ಬೆಲ್ ಬರಲೇ ಇಲ್ಲ. ಬೆಳಗ್ಗೆ ನೋಡಿದರೆ ಹಾಸಿಗೆ ಒದ್ದೆ. ನನ್ನನ್ನು ಕರೆಯಲು ಹೆದರಿ ಹಾಗೇ ಮಲಗಿದ್ದರು.

ಪ್ರೀತಿಯಿಲ್ಲದೆ ಎಷ್ಟು ಭಾಷೆ ಆಡಿದರೂ ಬರೀ ಕಂಚಿನ ಸದ್ದು ಅಂತ ಪೌಲನು ಕೊರಿಂಥದವರಿಗೆ ಬರೆದದ್ದು ಸಂಡೇ ಸ್ಕೂಲಿನಿಂದಲೂ ಬಾಯಿಪಾಠ. ನನ್ನ ಜರ್ಮನ್ ಭಾಷೆಯ ಬಿ2 ಸರ್ಟಿಫಿಕೇಟಿಗೆ ಅದು ತಟ್ಟಿದ್ದು ಆವತ್ತೇ. ಆ ವಾರ ನಾನು ಆರಾಧನೆ ತಪ್ಪಿಸಿರಲಿಲ್ಲ, ನೋಡು.

ನಂಬಿಗಸ್ತಿಕೆ ಅಂದರೆ ದೊಡ್ಡದೇನಲ್ಲ. ರಾತ್ರಿ ಎರಡಕ್ಕೆ ರೋಗಿಯನ್ನು ಮಗ್ಗುಲು ತಿರುಗಿಸಿಲ್ಲ ಅಂದರೆ ತಿರುಗಿಸಿದೆ ಅಂತ ಚಾರ್ಟಿನಲ್ಲಿ ಬರೆಯಬೇಡ. ವಾರ್ಡಿನಲ್ಲಿ ನಿನ್ನ ವಿಶ್ವಾಸದ ಸಾಕ್ಷಿ ಹೇಳಲೂ ಹೋಗಬೇಡ. ಹಾಸಿಗೆ ಹಿಡಿದವರಿಗೆ ಎದ್ದು ಹೋಗಲು ಆಗುವುದಿಲ್ಲ, ಅಲ್ವಾ? ಅವರಾಗಿಯೇ ಕೇಳಿದರೆ ಕೈ ಹಿಡಿದು ಪ್ರಾರ್ಥಿಸು. ಹಾಗಂತ ಸೇವೆ, ಸೇವೆ ಅಂತ ನಿನ್ನ ರಜೆಯನ್ನೆಲ್ಲ ಬಿಟ್ಟುಕೊಡಬೇಡ. ನಿದ್ದೆಗೆಟ್ಟವರಿಗೆ ಸಿಟ್ಟೇ ಮೊದಲು ಬರುವುದು.

ಚರ್ಚ್ ತೆರಿಗೆ ಬಗ್ಗೆಯೂ ಕೇಳಿದ್ದೀಯ. ವಿಳಾಸ ನೋಂದಾಯಿಸುವಾಗ ಪ್ರೊಟೆಸ್ಟಂಟ್ ಅಂತ ಬರೆಸಿದರೆ ಈ ರಾಜ್ಯದಲ್ಲಿ ಆದಾಯ ತೆರಿಗೆಯ 8 ಶೇಕಡಾ ಹಿಡಿಯುತ್ತಾರೆ. ಸಂಬಳದ 8 ಶೇಕಡಾ ಅಲ್ಲ, ಗಾಬರಿ ಬೇಡ. ಉಳಿಸಲು ಧರ್ಮವಿಲ್ಲ ಅಂತ ಬರೆಸಿದವರಿದ್ದಾರೆ. ನನಗೆ ಮನಸ್ಸು ಬರಲಿಲ್ಲ.

ಉಡುಪಿಯ ನಮ್ಮ ಮಿಶನ್ ಆಸ್ಪತ್ರೆ ನೆನಪಿದೆಯಲ್ಲ? 1923ರಲ್ಲಿ ಅದನ್ನು ಶುರು ಮಾಡಿದ ಡಾಕ್ಟರ್ ಇವಾ ಲೊಂಬಾರ್ಡ್ ಸ್ವಿಸ್ ಹೆಂಗಸು. ಆಕೆಗೂ ಅಲ್ಲಿ ಮೊದಮೊದಲು ಭಾಷೆ, ಊಟ, ಸೆಕೆ ಯಾವುದೂ ತನ್ನದಾಗಿರಲಿಲ್ಲ. ನಾವೀಗ ಅದೇ ದಾರಿಯಲ್ಲಿ ಎದುರಿನಿಂದ ಬಂದಿದ್ದೇವೆ, ಸಂಬಳ ಮಾತ್ರ ಚೆನ್ನಾಗಿದೆ!

ನಿನ್ನ ರೋಸ್ಟರಿನ ಫೋಟೊ ಕಳಿಸು. ಇಬ್ಬರಿಗೂ ಬಿಡುವಿರುವ ಭಾನುವಾರ ಒಟ್ಟಿಗೆ ಆರಾಧನೆಗೆ ಹೋಗೋಣ. ಸಿಗದಿದ್ದರೆ ಮಂಗಳವಾರ ಸಂಜೆ ಮನೆಗೆ ಬಾ, ಇಬ್ಬರೇ ಕೂತು ಪ್ರಾರ್ಥನೆ ಮಾಡೋಣ. ಕೋರಿ ರೊಟ್ಟಿ ಇದೆ, ಅಮ್ಮ ಕಳಿಸಿದ್ದು.