ಅವನು ಕುಣಿದರೆ ಇವರು ಯಾಕೆ ಅಳುತ್ತಾರೆ?

ಪ್ರಶ್ನೆ: ನನ್ನ ತಮ್ಮನಿಗೆ 23 ವರ್ಷ, ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಇರುವ, ಕಲಿಕೆ ನಿಧಾನವಾಗುವ ಸ್ಥಿತಿ) ಇದೆ. ಅವನೂ ಅವನ ಗೆಳೆಯರೂ ಕುಣಿದ ಮ್ಯೂಸಿಕ್ ವಿಡಿಯೊ ಈಚೆಗೆ ಬಂತು. ನೋಡಿದವರೆಲ್ಲ ಕಣ್ಣೊರೆಸಿಕೊಂಡು ‘ದೇವರ ಮಕ್ಕಳು’ ಎನ್ನುತ್ತಾರೆ. ‘ಅಕ್ಕಾ, ಎಲ್ಲರೂ ಯಾಕೆ ಅಳ್ತಾರೆ? ನಾನು ಚೆನ್ನಾಗಿ ಕುಣೀಲಿಲ್ವಾ?’ ಅಂತ ಅವನು ಕೇಳಿದ. ನನಗೆ ಮಾತೇ ಹೊರಡಲಿಲ್ಲ. ಈಗ ಇನ್ನೊಂದು ವಿಡಿಯೊಗೆ ಕರೆದಿದ್ದಾರೆ. ಅವನಿಗೆ ಆಸೆ, ಅಮ್ಮನಿಗೆ ಇಷ್ಟವಿಲ್ಲ. ಏನು ಮಾಡಲಿ?

ಉತ್ತರ: ಮೊದಲು ತಮ್ಮನಿಗೆ ಉತ್ತರ ಕೊಡಿ. ಸುಮ್ನೆ ನಗಿಸಿ ಮಾತು ಮರೆಸಬೇಡಿ. ಡೌನ್ ಸಿಂಡ್ರೋಮ್ ಇರುವ ಎಷ್ಟೋ ಜನ ತಮಗೆ ಹೇಳಲು ಬರುವುದಕ್ಕಿಂತ ಜಾಸ್ತಿ ಅರ್ಥ ಮಾಡಿಕೊಳ್ಳುತ್ತಾರೆ. ‘ನೀನು ಚೆನ್ನಾಗಿ ಕುಣಿದೆ. ಕೆಲವರು ಖುಷಿಯಿಂದ ಅತ್ತರು. ಕೆಲವರು ನಿನ್ನ ಕೈಲಿ ಆಗಲ್ಲ ಅಂದ್ಕೊಂಡಿದ್ರು, ಆಶ್ಚರ್ಯವಾಗಿ ಅತ್ತರು’ ಎಂದು ನೇರವಾಗಿ ಹೇಳಿ. ಕೊನೆಯ ಮಾತು ಕಹಿ, ನಿಜ. ಆದರೆ ಅವನು ಆಗಲೇ ಅದನ್ನು ಊಹಿಸಿರಬಹುದು. ಆಮೇಲೆ ಜೊತೆಗೆ ಕೂತು ವಿಡಿಯೊ ನೋಡಿ. ಯಾವ ಹೆಜ್ಜೆ ಚೆನ್ನಾಗಿತ್ತು, ಎಲ್ಲಿ ತಾಳ ತಪ್ಪಿತು ಹೇಳಿ. ಅವನು ಕೇಳಿದ್ದು ಕುಣಿತದ ಬಗ್ಗೆ, ಅಲ್ವಾ?

ಅತ್ತವರ ಮೇಲೆ ಸಿಟ್ಟಾಗಬೇಡಿ. 2018ರಲ್ಲಿ ಬ್ರಿಟನ್ನಿನ 50 ತಾಯಂದಿರು ಡೌನ್ ಸಿಂಡ್ರೋಮ್ ಇರುವ ತಮ್ಮ ಪುಟ್ಟ ಮಕ್ಕಳೊಂದಿಗೆ ಕಾರಿನಲ್ಲಿ ಕೂತು, ಒಂದು ಹಾಡಿಗೆ ತುಟಿ ಆಡಿಸುತ್ತ ಕೈಸನ್ನೆ ಮಾಡಿದ ವಿಡಿಯೊ ನೋಡಿ ಎಷ್ಟೋ ದೇಶಗಳ ಜನ ಅತ್ತರು. ಅಲ್ಲಿದ್ದದ್ದು ಅಮ್ಮ, ಮಗು, ಹಾಡು ಅಷ್ಟೇ. ಅಂಥ ಕಣ್ಣೀರು ಕೆಟ್ಟದ್ದಲ್ಲ. ‘ದೇವರ ಮಕ್ಕಳು’ ಅನ್ನುವುದು ಮಾತ್ರ ನನಗೂ ಕಿರಿಕಿರಿ. 23ರ ಹುಡುಗ ಮಗುವಲ್ಲ.

ಹಾಗಾಗಿ ಎರಡನೇ ವಿಡಿಯೊದ ತೀರ್ಮಾನ ಅವನದೇ. ನಿಮ್ಮ ಕೆಲಸ ತಯಾರಕರನ್ನು ಕೇಳುವುದು: ಉಳಿದ ಕಲಾವಿದರಂತೆ ಇವನಿಗೂ ಸಂಭಾವನೆ ಇದೆಯಾ? ಅವನು ಬೇಡವೆಂದ ಶಾಟ್ ಕೈಬಿಡುತ್ತೀರಾ? ಹಾಡು ಕುಣಿಯುವಂಥದ್ದಾ, ಇಲ್ಲ ಮತ್ತೆ ಸ್ಲೋ ಮೋಷನ್ ಮತ್ತು ಪಿಯಾನೊನಾ? ಅರ್ಧ ಅಳು ಎಡಿಟಿಂಗ್‌ನಲ್ಲೇ ಹುಟ್ಟುತ್ತದೆ.

ಅಮ್ಮನಿಗೆ ಭಯ ಯಾವುದರದ್ದು? ಆರೋಗ್ಯದ್ದಾದರೆ ಅದರಲ್ಲಿ ಅರ್ಥವಿದೆ. ಡೌನ್ ಸಿಂಡ್ರೋಮ್ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ. ಕೆಲವರಿಗೆ ಕುತ್ತಿಗೆಯ ಮೂಳೆಗಳ ಜೋಡಣೆ ಸಡಿಲವಾಗಿರುತ್ತದೆ. ವೈದ್ಯರು ನೋಡಿ ಒಪ್ಪದೆ ಪಲ್ಟಿ ಹೊಡೆಯುವಂಥ ಹೆಜ್ಜೆ ಬೇಡವೇ ಬೇಡ. ಭಯ ಜನರ ಮಾತಿನದ್ದಾದರೆ, ಅಮ್ಮನನ್ನು ಒಂದು ದಿನ ಅಭ್ಯಾಸಕ್ಕೆ ಕರೆದುಕೊಂಡು ಹೋಗಿ. ಅಲ್ಲಿ ಅಳುವವರು ಯಾರೂ ಇರುವುದಿಲ್ಲ, ಎಲ್ಲರಿಗೂ ಹೆಜ್ಜೆಯದ್ದೇ ಚಿಂತೆ.